ಆರು ಗಂಟೆ ಎಂದು ಬರೆದದ್ದು

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಎದುರಿಗೆ ಅಕ್ಕ ಎನ್ನುತ್ತಿದ್ದೆವು, ಬೆನ್ನ ಹಿಂದೆ ಬಿರುಕಕ್ಕ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು, ಸೆರಾಮಿಕ್ ತುಂಡಿನಲ್ಲಿ ಬಿರುಕು ಎಲ್ಲಿ ಹುಟ್ಟಿತು, ಎಲ್ಲಿ ನಿಂತಿತು ಎಂದು ಅಳೆಯುವುದೇ ಅವರ ಕೆಲಸ. ಸೆರಾಮಿಕ್ ಗಟ್ಟಿ, ನಿಜ. ಆದರೆ ಒಮ್ಮೆ ಬಿರುಕು ಬಿಟ್ಟರೆ ಮುಗಿಯಿತು, ಈ ತುದಿಯಿಂದ ಆ ತುದಿಗೆ ಓಡಿಬಿಡುತ್ತದೆ. ಅದರ ಪುಡಿಗೆ ನೂರು ಪಾಲಿಗೆ ಬರೀ ಅರ್ಧ ಪಾಲಿನಂತೆ ಗ್ರಾಫೀನ್ ಬೆರೆಸಿದರೆ, ಕಾಗದಕ್ಕಿಂತ ಸಾವಿರಾರು ಪಟ್ಟು ತೆಳುವಾದ ಆ ಇಂಗಾಲದ ಹಾಳೆಗಳು ಬಿರುಕಿಗೆ ಅಡ್ಡ ನಿಲ್ಲುತ್ತವೆ. ಬಿರುಕು ಸುತ್ತಿ ಬಳಸಿ ಹೋಗಿ ಸುಸ್ತಾಗುತ್ತದೆ. ನಾಲ್ಕು ವರ್ಷ ಒದ್ದಾಡಿ ಅಕ್ಕ ಇದನ್ನು ಅಳೆದು ತೋರಿಸಿದ್ದರು: ಬಿರುಕು ತಡೆಯುವ ಶಕ್ತಿ ಒಂದೂವರೆ ಪಟ್ಟು.

ಒಂದೇ ತಕರಾರು. ಆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪಿರಿಟ್ಟಿನಲ್ಲಿ ಹಾಕಿ, ಯಂತ್ರದಲ್ಲಿ ಆರು ಗಂಟೆ ಅದುರಿಸಿ ಬಿಡಿಸಬೇಕು. ಬಿಡಿಸದಿದ್ದರೆ ಗಂಟುಗಂಟಾಗಿ ಉಳಿದು, ಬಲ ಕೊಡಬೇಕಾದದ್ದೇ ಬಲ ಕಳೆಯುತ್ತದೆ. ಆ ಯಂತ್ರದ ಕೀರಲು ಸದ್ದಿನ ಪಕ್ಕ ಕೂರುವ ಭಾಗ್ಯ ನನ್ನದು.

ಈ ಸೆರಾಮಿಕ್ ಕೊಳ್ಳುವ ಯೋಚನೆಯಲ್ಲಿದ್ದ ಪಂಪ್ ಕಂಪನಿಯವರು ನೋಡಲು ಬರುವ ವಾರ, ಅವರೆದುರು ಪರೀಕ್ಷಿಸಬೇಕಿದ್ದ ಹನ್ನೆರಡು ಸೆರಾಮಿಕ್ ಪಟ್ಟಿಗಳಿಗೆ ಪುಡಿ ಸಿದ್ಧಮಾಡುತ್ತಿದ್ದೆ. ಮಧ್ಯಾಹ್ನದ ಸಿನಿಮಾಕ್ಕೆ ಗೆಳತಿ ಟಿಕೆಟ್ ತೆಗೆದಿದ್ದಳು. ಯಂತ್ರವನ್ನು ಎರಡೇ ಗಂಟೆ ಓಡಿಸಿ ಆರಿಸಿಬಿಟ್ಟೆ. ಕೆಲಸದ ಲೆಕ್ಕ ಬರೆಯುವ ಪುಸ್ತಕದಲ್ಲಿ ಆರು ಗಂಟೆ ಎಂದು ದುಂಡಗೆ ಬರೆದೆ. ಸಿನಿಮಾದಲ್ಲಿ ಅರ್ಧ ಹೊತ್ತು ತೂಕಡಿಸಿದೆ, ಅದು ಬೇರೆ ಮಾತು.

ಕಂಪನಿಯವರ ಎದುರು ಪಟ್ಟಿಗಳು ಬಳಪದಂತೆ ಪಟಪಟ ಮುರಿದವು. ಮುರಿದ ಮೈಯಲ್ಲಿದ್ದ ಕಪ್ಪು ಗಂಟುಗಳನ್ನು ಅಕ್ಕನೇ ಪತ್ತೆ ಹಚ್ಚಿದರು. ನನ್ನ ಪುಸ್ತಕ ತೆರೆದು ನೋಡಿದರು.

"ಆರು ಗಂಟೆ ಅದುರಿಸಿದ್ಮೇಲೂ ಗಂಟು ಉಳಿದಿದೆ ಅಂದ್ರೆ ಈ ದಾರಿನೇ ಸರಿಯಿಲ್ಲ," ಎಂದರು. "ಇಷ್ಟು ವರ್ಷ ನಾನೇ ಏನೋ ತಪ್ಪು ಅಳೆದಿದೀನಿ."

ಕೆಲಸ ಹೋದೀತೆಂಬ ಭಯಕ್ಕೆ ಬಾಯಿಗೆ ಬೀಗ ಹಾಕಿಕೊಂಡೆ. ತಪ್ಪು ತಮ್ಮದೇ ಎಂದು ಅಕ್ಕ ವರದಿ ಬರೆದುಕೊಟ್ಟು, ತಿಂಗಳೊಳಗೆ ಹೊರಟುಹೋದರು. ಕೆಲಸ ಬಿಡಿ ಎಂದು ಯಾರೂ ಹೇಳಿರಲಿಲ್ಲ. ಅವರು ಹೋದ ಮೇಲೆ ನಾನು ಗುಟ್ಟಾಗಿ, ಆರು ಗಂಟೆ ಪೂರ್ತಿ ಅದುರಿಸಿ, ಒಂದು ಪಟ್ಟಿ ಮಾಡಿ ನೋಡಿದೆ. ಅಕ್ಕನ ಅಂಕಿಯೇ ಬಂತು. ಆಗಲೂ ಹೇಳಲಿಲ್ಲ.

ಹೇಳಬೇಕು ಹೇಳಬೇಕು ಎನ್ನುತ್ತಲೇ ಒಂಬತ್ತು ವರ್ಷ ಕಳೆದೆ. ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯ. ಕಳೆದ ವಾರ ಧೈರ್ಯ ಮಾಡಿ ಅಕ್ಕನ ತಮ್ಮನ ಟೈಲ್ಸ್ ಅಂಗಡಿಗೆ ಹೋದೆ. ಅಕ್ಕ ಈಗ ಅಲ್ಲೇ ಕೂರುತ್ತಾರೆಂದು ಕೇಳಿದ್ದೆ. ಗಿರಾಕಿಯೊಬ್ಬರು ಅಕ್ಕನ ಮುಂದೆ ಟೈಲ್ ಇಟ್ಟು, "ಇದು ಬಿರುಕಾ, ಬರೀ ಗೀರಾ?" ಎಂದು ಕೇಳುತ್ತಿದ್ದರು. ಮೂರಡಿ ದೂರದಲ್ಲಿದ್ದ ನನಗೇ ಗೀರೆಂದು ಗೊತ್ತಾಯಿತು. ಅಕ್ಕ ಬೆಳಕಿಗೆ ಹಿಡಿದರು, ತಿರುಗಿಸಿದರು, ಕೆಳಗಿಟ್ಟರು.

"ನಂಗೆ ಗೊತ್ತಾಗಲ್ಲ. ತಮ್ಮ ಬರ್ತಾನೆ, ಅವನನ್ನೇ ಕೇಳಿ," ಎಂದರು.

ಗಿರಾಕಿ ಹೋದ ಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಬೈಯಲಿ, ಆಚೆ ನೂಕಲಿ ಎಂದು ತಲೆ ತಗ್ಗಿಸಿ ನಿಂತೆ.

"ಹಾಗಾದ್ರೆ ನಾನು ಅಳೆದದ್ದು ಸರಿಯಿತ್ತಾ?"

"ಸರಿಯಿತ್ತು ಅಕ್ಕ."

"ಎಲ್ಲಾನೂ?"

"ಎಲ್ಲಾನೂ."

ಅಕ್ಕ ಸ್ಟೂಲು ಎಳೆದುಕೊಂಡು ನಿಧಾನವಾಗಿ ಕೂತರು.

"ಇನ್ನೊಂದ್ಸಲ ಹೇಳೇ," ಎಂದರು.