ಫೋಟೋ ಬಂತು, ಸ್ವರ ಬರಲಿಲ್ಲ

ನಿಮ್ಮಲ್ಲೂ ಹೀಗೇ ಅಲ್ವಾ? ಫೋನ್ ಎತ್ತಿ "ಹಲೋ" ಎನ್ನುವಷ್ಟರಲ್ಲಿ ಕಟ್. ಅಂಗಳಕ್ಕೆ ಓಡಬೇಕು, ಬಾವಿಕಟ್ಟೆಯ ಹತ್ತಿರ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಬೇಕು. ಕಾಪುವಿನ ಕಡಲ ಬದಿಯ ನಮಗೆ ಇದು ದಿನನಿತ್ಯದ ಗೋಳು. ನಾನು ಕುಶಲಾ. ಇಲ್ಲಿಯ ಸ್ವಸಹಾಯ ಸಂಘದ ಹೆಂಗಸರಿಗೆ ಫೋನ್ ಬಳಸುವುದನ್ನು ಕಲಿಸುತ್ತೇನೆ.

ನಮ್ಮ ಪಕ್ಕದ ಮನೆ ಹಫೀಝಾಳದ್ದು. ಅವಳ ಗಂಡ ಸಫ್ರಾಝ್ ಸೌದಿಯಲ್ಲಿ ಡ್ರೈವರ್ ಆಗಿದ್ದ. ಕರೆ ಕಟ್ ಆಗುತ್ತದೆ ಎಂದು ಅವನು ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಹೆಚ್ಚಿನದೆಲ್ಲ ತಾಯಿ ಶರೀಫಾ ಉಮ್ಮನಿಗೆ. ಉಮ್ಮನಿಗೆ ಕಣ್ಣು ಕಾಣದೆ ವರ್ಷಗಳಾಗಿವೆ. ಮಗ ಎಂದರೆ ಅವರಿಗೆ ಅವನ ಸ್ವರವೇ. ಇವತ್ತು ಎಂತ ಮೀನು, ಮಾತ್ರೆ ತೆಗೆದುಕೊಂಡಿರಾ, ಕುಶಲಕ್ಕನ ನಾಯಿ ಈಗಲೂ ಸುಮ್ಮನೆ ಬೊಗಳುತ್ತದಾ ಎಂದೆಲ್ಲ ಅವನು ಕೇಳುತ್ತಿದ್ದ. ಉಮ್ಮನ ನಗು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ಕಳೆದ ವರ್ಷ ಸಫ್ರಾಝ್ ಅಲ್ಲಿಯೇ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನ ಫೋನೂ ಪುಡಿಯಾಯಿತು. ಉಳಿದದ್ದು ಹಫೀಝಾಳ ಹಳೆಯ ಫೋನಿನಲ್ಲಿದ್ದ ಮಾತುಗಳು ಮಾತ್ರ. ಸಂಜೆ ನಮಾಝ್ ಆದ ಮೇಲೆ ಉಮ್ಮ ಅವನ್ನು ಹಾಕಿಸಿ ಕೇಳುತ್ತಿದ್ದರು.

ಸಫ್ರಾಝನ ತಮ್ಮ ಫೈಝಲ್ ದುಬೈಯಿಂದ ಬಂದವನು ಅತ್ತಿಗೆಗೆ ಹೊಸ ಫೋನ್ ತಂದ. ಗಲ್ಫಿನಲ್ಲಿ ದುಡಿಯುವವರ ಮನೆಗಳಲ್ಲಿ ಹೊಸದು ಬಂದರೆ ಹಳೆಯದು ಮುಂದಿನವರಿಗೆ. ಹಾಗಾಗಿ ಹಳೆಯದು ಕಾರ್ಕಳಕ್ಕೆ ಕೊಟ್ಟ ತಂಗಿ ನುಸೈಬಾಳಿಗೆ ಎಂದಾಯಿತು. ಹಫೀಝಾ ಆಗ ಇದ್ದತ್‌ನಲ್ಲಿದ್ದಳು. ಗಂಡ ತೀರಿದ ಮೇಲಿನ ಆ ತಿಂಗಳುಗಳಲ್ಲಿ ಅವಳು ಹೊರಗೆ ಹೋಗುವುದಿಲ್ಲ. ಬಾಗಿಲ ಮರೆಯಿಂದಲೇ ಹೇಳಿದಳು, "ಫೈಝಲ್, ಎಲ್ಲವೂ ಹೊಸದಕ್ಕೆ ಬರಬೇಕು."

ನಾನು ಅಲ್ಲೇ ಇದ್ದೆ. "ವಾಟ್ಸಾಪಿನದ್ದು ಬೇರೆ ಬ್ಯಾಕಪ್ ಮಾಡಬೇಕು ಮಾರಾಯ. ಫೋಟೋ ಹಾಕಿದರೆ ಅದು ಬರುವುದಿಲ್ಲ" ಎಂದೆ.

"ಅಂಗಡಿಯವರಿಗೆ ಗೊತ್ತಿಲ್ವಾ ಅಕ್ಕ? ಕೇಬಲ್ ಹಾಕಿದರೆ ಎಲ್ಲ ಬರ್ತದೆ" ಎಂದು ನಕ್ಕ.

"ಹಳೆಯದನ್ನು ನಾಲ್ಕು ದಿನ ಹಾಗೇ ಇಡು. ಹೊಸದರಲ್ಲಿ ಎಲ್ಲ ಉಂಟಾ ನೋಡಿ ಆಮೇಲೆ ಕೊಡು."

"ನುಸೈಬಾ ಇವತ್ತೇ ಹೊರಡುವುದು. ನೀವು ಸುಮ್ಮನೆ ಹೆದರಿಸ್ತೀರಿ" ಎಂದು ಎರಡೂ ಫೋನ್ ಹಿಡಿದು ಅಂಗಡಿಗೆ ಹೋದ.

ಸಂಜೆಗೆ ಹೊಸ ಫೋನ್ ಮನೆಗೆ ಬಂತು, ಹಳೆಯದು ನುಸೈಬಾಳ ಜೊತೆ ಕಾರ್ಕಳಕ್ಕೆ ಹೋಯಿತು. ನಿಕಾಹ್‌ನ ಫೋಟೋ, ಮಗುವಿನ ಫೋಟೋ, ಕಡಲ ಬದಿಯ ಫೋಟೋ, ಒಂದೂ ಬಿಡದೆ ಬಂದಿತ್ತು. "ನೋಡಿ ಅಕ್ಕ!" ಎಂದ ಫೈಝಲ್.

ಅಷ್ಟರಲ್ಲಿ ಉಮ್ಮ ಕೇಳಿದರು, "ಸಫ್ರಾಝ್‌ದು ಒಂದು ಹಾಕು."

ಹಫೀಝಾ ಹುಡುಕಿದಳು. ಮತ್ತೆ ಹುಡುಕಿದಳು. ಗಂಡನ ಹೆಸರಿನ ಕೆಳಗೆ ಏನೂ ಇರಲಿಲ್ಲ. ನುಸೈಬಾಳಿಗೆ ಕರೆ ಮಾಡಿದರೆ ಅದೂ ಕಟ್. ಕೊನೆಗೆ ಸಿಕ್ಕಿದಾಗ ಅವಳು ಹೇಳಿದಳು, "ಅಂಗಡಿಯಲ್ಲೇ ಫಾರ್ಮ್ಯಾಟ್ ಮಾಡಿಸಿ ಕೊಟ್ಟದ್ದಲ್ವಾ? ಇದರಲ್ಲಿ ಎಂತದೂ ಇಲ್ಲ."

ಮರುದಿನ ಫೈಝಲ್ ಕಾರ್ಕಳಕ್ಕೆ ಹೋಗಿ ಆ ಫೋನ್ ಹಿಡಿದುಕೊಂಡು ಉಡುಪಿ, ಮಣಿಪಾಲ ಸುತ್ತಿದ. ರಿಪೇರಿಯವರೆಲ್ಲ ತಲೆ ಅಲ್ಲಾಡಿಸಿದರು. ಬರಿಗೈಯಲ್ಲಿ ಬಂದು ತಾಯಿಯ ಕಾಲ ಬಳಿ ಕುಳಿತು ಅತ್ತ.

ಉಮ್ಮ ಅಳಲಿಲ್ಲ. "ಅವ ಸೌದಿಯಲ್ಲಿ ತೀರಿದ್ದು ಅಂತ ನೀವೆಲ್ಲ ಹೇಳಿದ್ದು. ನನಗೆ ತೀರಿದ್ದು ಇವತ್ತು" ಎಂದರು. "ಫೋಟೋ ನಾನು ಎಂತ ಮಾಡುವುದು?"

ನನಗೆ ಸಿಟ್ಟು ಬಂದಿತ್ತು. ಆದರೆ ಆ ಮಾತು ಕೇಳಿದ ಮೇಲೆ ಯಾರನ್ನು ಬಯ್ಯುವುದು?

ಫೈಝಲನೇ ಹೇಳಿದ, "ಅಕ್ಕ, ಆ ಬ್ಯಾಕಪ್ ಈಗಲಾದರೂ ಮಾಡಿಕೊಡಿ." ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆದರೂ ಮಾಡಿದೆವು. ವಾಟ್ಸಾಪ್ ತೆರೆದು ಸೆಟ್ಟಿಂಗ್ಸ್, ಅಲ್ಲಿ ಚಾಟ್ಸ್, ಅದರೊಳಗೆ ಬ್ಯಾಕಪ್. ಹಫೀಝಾಳ ಸ್ವಂತ ಗೂಗಲ್ ಖಾತೆ ಹಾಕಿ, ಪ್ರತಿದಿನ ಆಗಲಿ ಎಂದು ಒತ್ತಿದೆವು. ಪಾಸ್‌ವರ್ಡ್ ಅವಳಿಗೆ ಮಾತ್ರ ಗೊತ್ತು. ಬೇಕಾದ ಸ್ವರವನ್ನು ಇನ್ನೊಂದು ಫೋನಿಗೂ ಕಳಿಸಿಡಬೇಕೆಂದು ತೋರಿಸಿಕೊಟ್ಟೆ.

"ಉಮ್ಮ, ನೀವೂ ಒಂದು ಮಾತಾಡಿ. ನಾಳೆ ಮಗುವಿಗೆ ಬೇಕಾಗ್ತದೆ" ಎಂದು ಹಫೀಝಾ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದಳು.

ಉಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮತ್ತೆ ಮೆಲ್ಲನೆ ಕೇಳಿದರು, "ಸಫ್ರಾಝ್, ನನ್ನ ಸ್ವರ ಕೇಳ್ತದಾ ಮಗಾ?"

ಅಕ್ಕಂದಿರೇ, ಅಣ್ಣಂದಿರೇ, ಆ ಮನೆಗೆ ಹೇಳುವ ಸಮಾಧಾನ ನನ್ನಲ್ಲಿಲ್ಲ. ನಿಮ್ಮಲ್ಲಿ ಒಂದು ಬೇಡಿಕೆ ಮಾತ್ರ ಉಂಟು. ಫೋನ್ ಬದಲಿಸುವ ಮೊದಲು ಬ್ಯಾಕಪ್ ಮಾಡಿ. ಹೊಸದರಲ್ಲಿ ಫೋಟೋ ಮಾತ್ರ ನೋಡಬೇಡಿ, ಮಾತುಗಳನ್ನು ಹಾಕಿ ಕಿವಿಯಾರೆ ಕೇಳಿ. ಕೇಳುವವರೆಗೆ ಹಳೆಯದನ್ನು ಅಳಿಸಲು ಬಿಡಬೇಡಿ. ನಿಮಗೆ ಯಾರ ಸ್ವರ ಬೇಕೋ ಅದು ಎರಡು ಕಡೆ ಉಂಟಾ? ಇವತ್ತೇ ನೋಡಿ. ಫೋನ್ ಇನ್ನೊಂದು ಸಿಗುತ್ತದೆ.