ಬಾಯಲ್ಲಿಟ್ಟ ಹಳದಿ ಮಣಿ

ನಮ್ಮ ಮನೆಯ ಹೆಂಗಸರು ಜಗಳವಾಡುವುದೇ ಇಲ್ಲ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಅದು ನಮ್ಮ ಒಳ್ಳೆಯತನವೇನಲ್ಲ. ಬಾಯಿ ತುಂಬ ಮಣಿ ಇಟ್ಟುಕೊಂಡವರು ಜಗಳವಾಡುವುದಾದರೂ ಹೇಗೆ?

ನಮ್ಮದು ಗಾಜಿನ ಮಣಿ ಮಾಡಿ ಸರ ಪೋಣಿಸುವ ಮನೆ. ಮುಂದಿನ ಕೋಣೆಯಲ್ಲಿ ನನ್ನ ಗಂಡ ಗ್ಯಾಸ್ ಬರ್ನರಿನ ಎದುರು ಕೂತು, ಬಣ್ಣದ ಗಾಜಿನ ಕಡ್ಡಿ ಕರಗಿಸಿ ಕಂಬಿಗೆ ಸುತ್ತುತ್ತಾರೆ. ನಡುಕೋಣೆಯಲ್ಲಿ ಸಾಣೆ ಚಕ್ರ. ಅಲ್ಲಿ ನಾನು ಮಣಿಯ ತೂತಿನ ಅಂಚು ಉಜ್ಜುತ್ತೇನೆ. ಕಿಟಕಿಯ ಪಕ್ಕದ ಕುರ್ಚಿ ನನ್ನ ಅತ್ತೆಯದು. ಉಜ್ಜಿದ ಒಂದೊಂದು ಮಣಿಯನ್ನೂ ಅವರು ಬಾಯಿಗೆ ಹಾಕಿಕೊಂಡು, ತೂತಿನ ಅಂಚನ್ನು ನಾಲಿಗೆಯಿಂದ ಸವರಿ ನೋಡುತ್ತಿದ್ದರು. ನಯವಾಗಿದ್ದರೆ ಅದು ಎಡಗೆನ್ನೆಗೆ, ಚೂಪಾಗಿದ್ದರೆ ತಟ್ಟೆಗೆ. ಚೂಪು ಅಂಚು ದಾರ ಕತ್ತರಿಸುತ್ತದೆ. ಸರ ಕೊಂಡವರ ಮನೆಯಲ್ಲಿ ಮಣಿಯೆಲ್ಲ ಚೆಲ್ಲಾಪಿಲ್ಲಿಯಾದರೆ ನಮ್ಮ ಮಾನ ಹೋಗುತ್ತದೆ. ಕೆನ್ನೆಯಲ್ಲಿ ಇಪ್ಪತ್ತು ಮಣಿ ಇಟ್ಟುಕೊಂಡೇ ಬರೀ 'ಊಂ', 'ಊಹೂಂ' ಎನ್ನುತ್ತ ಅತ್ತೆ ಇಡೀ ಮನೆಯನ್ನು ಆಳುತ್ತಿದ್ದರು.

ಅಂಥ ನಾಲಿಗೆ ಸುಮ್ಮನೆ ಬರುವುದಿಲ್ಲವಂತೆ. ಮನೆಯಲ್ಲಿ ಹೆಣ್ಣು ಹುಟ್ಟಿದರೆ, ಹಲ್ಲು ಮೂಡುವ ಹೊತ್ತಿಗೆ ಐದು ಹಳದಿ ಮಣಿಗಳ ಸರ ಕೊರಳಿಗೆ ಕಟ್ಟಿ ಚೀಪಲು ಬಿಡಬೇಕು. ಆಗ ನಾಲಿಗೆ ಪಳಗುತ್ತದೆ. ಹಳದಿಯೇ ಏಕೆಂದರೆ ಅದು ನಮ್ಮ ಮನೆಗೆ ಹೆಸರು ತಂದ ಬಣ್ಣ. ಬೇಗ ಕರಗುತ್ತದೆ, ಕೈಗೆ ತೂಕ, ಕಣ್ಣಿಗೆ ಹೊಳಪು. ನಾನು ಒಳ್ಳೆಯ ಸೊಸೆ ನೋಡಿ, ನನ್ನ ದೊಡ್ಡ ಮಗಳಿಗೆ ನಾನೇ ಕಟ್ಟಿದೆ. ಇದನ್ನು ಬರೆಯುವಾಗಲೂ ನನ್ನ ಕೈಯ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ಮಗಳಿಗೆ ನಾವಿಟ್ಟ ಅಡ್ಡಹೆಸರು ರೇಡಿಯೊ. ಎರಡು ವರ್ಷಕ್ಕೇ ಬೆಳಗ್ಗೆ ಕಣ್ಣು ಬಿಟ್ಟಾಗ ಶುರುವಾದರೆ ಕಣ್ಣು ಮುಚ್ಚುವವರೆಗೆ ಮಾತು. ಬರ್ನರಿಗೂ ಮಾತು, ಪೊರಕೆಗೂ ಮಾತು. ಮಧ್ಯಾಹ್ನವೆಲ್ಲ ನನ್ನ ಸಾಣೆ ಚಕ್ರದ ಕೆಳಗೆ ಕೂತು, ನೆಲದ ಮೇಲೆ ಬಿದ್ದ ಹಳದಿ ಪುಡಿಯಲ್ಲಿ ಬೆರಳಿನಿಂದ ಗೆರೆ ಎಳೆದು, ಅದೇ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಿದ್ದಳು. ನಾನು ನೋಡಿ ನಗುತ್ತಿದ್ದೆ.

ಮೂರು ತುಂಬಿದ ಮೇಲೆ ಹೊಟ್ಟೆನೋವು ಎನ್ನತೊಡಗಿದಳು. ಊಟ ಸೇರದು, ಮುಖ ಬಿಳಚಿಕೊಂಡಿತು. ಮಾತು ಒಂದೊಂದಾಗಿ ಕಡಿಮೆಯಾಯಿತು. ನಾಲ್ಕಕ್ಕೆ ಬಂದಾಗ ನೀರು ಬೇಕಾದರೆ ಲೋಟ ತೋರಿಸುತ್ತಿದ್ದಳು, ಅಷ್ಟೇ.

"ಹೊಟ್ಟೇಲಿ ಹುಳ ಇರಬೇಕು ಕಣೆ" ಎಂದರು ಅತ್ತೆ. "ಎರಡು ವರ್ಷ ಬಾಯಿ ಮುಚ್ಚದೆ ಮಾತಾಡಿದ್ದಾಳೆ, ಈಗ ಸುಸ್ತಾಗಿದೆ. ಬಿಡು, ನಮ್ಮ ಕಿವಿಗೂ ಒಂಚೂರು ವಿಶ್ರಾಂತಿ."

ಹುಳದ ಔಷಧಿಯನ್ನು ಎರಡು ಸಲ ಕುಡಿಸಿದ್ದಾಯಿತು. ಏನೂ ಆಗಲಿಲ್ಲ. ಕೊನೆಗೆ ಎರಡನೆಯ ಮಗಳಾದ ಏಳು ತಿಂಗಳ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ರೇಡಿಯೊಳ ಕೈ ಹಿಡಿದು ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ ಮಗುವಿನ ಕೊರಳಿನ ಮಣಿ ಹಿಡಿದು, "ಮನೇಲಿ ಏನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಇಬ್ಬರು ಮಕ್ಕಳ ರಕ್ತವನ್ನೂ ತೆಗೆದುಕೊಂಡರು. ಅವರು ಕೇಳಿದಂತೆ ಮಾರನೆಯ ದಿನ ನಾನು ಹಳದಿ ಕಡ್ಡಿಯ ಚೂರನ್ನೂ ಒಯ್ದು ಕೊಟ್ಟೆ. ವಾರದ ನಂತರ ಎಲ್ಲ ಫಲಿತಾಂಶಗಳೂ ಒಟ್ಟಿಗೆ ಬಂದವು. ಕಡ್ಡಿಯ ತೂಕದಲ್ಲಿ ಕಾಲು ಭಾಗ ಸೀಸ.

"ಮಗುವಿನ ರಕ್ತದಲ್ಲಿ ಸೀಸದ ಅಳತೆ ಐದು ಇದ್ದರೇನೇ ನಾವು ಗಾಬರಿಯಾಗ್ತೀವಿ. ಇವಳದ್ದು ನಲವತ್ತೊಂದು" ಎಂದರು ಡಾಕ್ಟರಮ್ಮ.

"ಗಾಜು ಕರಗಲ್ವಲ್ಲ ಮೇಡಂ? ಗಾಜಿನ ಲೋಟದಲ್ಲಿ ನೀರು ಕುಡಿಯಲ್ವಾ ನಾವು?"

"ಎಲ್ಲ ಗಾಜೂ ಒಂದೇ ಅಲ್ಲಮ್ಮ. ಬೇಗ ಕರಗಲಿ, ಹೊಳೀಲಿ ಅಂತ ಇದಕ್ಕೆ ಸೀಸ ಹಾಕಿದ್ದಾರೆ. ದೊಡ್ಡವರು ಸರ ಹಾಕ್ಕೊಂಡು ಓಡಾಡಿದ್ರೆ ಅಂಥ ಅಪಾಯ ಇಲ್ಲ. ಆದ್ರೆ ದಿನವೆಲ್ಲ ಎಂಜಲಲ್ಲಿ ನೆನೆದರೆ ಸ್ವಲ್ಪ ಸ್ವಲ್ಪ ಸೀಸ ಬಿಡುತ್ತೆ. ಅದಕ್ಕಿಂತ ಕೆಟ್ಟದ್ದು ಆ ಸಾಣೆ ಪುಡಿ. ಮಣಿ ಮೇಲಿದೆ, ನೆಲದ ಮೇಲಿದೆ, ನಿಮ್ಮ ಸೆರಗಿನ ಮೇಲಿದೆ. ಅದೇ ಸೆರಗಲ್ಲಿ ಮಗು ಮುಖ ಒರೆಸ್ತೀರಿ."

ಕೂತಲ್ಲೇ ನನ್ನ ಸೆರಗು ನೋಡಿಕೊಂಡೆ. ಹಳದಿ ಧೂಳು ಕಾಣುತ್ತಿತ್ತು.

"ಮಾತು ವಾಪಸ್ ಬರುತ್ತಾ ಮೇಡಂ?"

"ಸುಳ್ಳು ಭರವಸೆ ಕೊಡಲ್ಲ. ಒಂದಿಷ್ಟು ಬರಬಹುದು. ಮೊದಲು ಬಾಯಿಗೆ ಹೋಗೋದು ನಿಲ್ಲಬೇಕು. ಅದು ನಿಲ್ಲದೆ ಯಾವ ಔಷಧಿ ಕೊಟ್ಟರೂ ಸುಖ ಇಲ್ಲ." ಆಮೇಲೆ ನನ್ನ ಸೊಂಟದ ಮೇಲಿದ್ದ ಕೂಸಿನ ಕೆನ್ನೆ ತಟ್ಟಿದರು. "ಇವಳದ್ದೂ ನೋಡಿದ್ದೀವಿ. ಆರು. ಇವಳಿಗೆ ಇನ್ನೂ ಕಾಲ ಮಿಂಚಿಲ್ಲ."

ಮನೆಗೆ ಬಂದು ಮೊದಲ ಕೆಲಸವೆಂದರೆ ರೇಡಿಯೊಳ ಕೊರಳ ಸರ ಕತ್ತರಿಸಿದ್ದು. ಎರಡನೆಯದು ಗಂಡನ ಮುಂದೆ ಕೂತು ಎಲ್ಲ ಹೇಳಿದ್ದು. ಅವರು ಬರ್ನರ್ ಆರಿಸಿ, "ಸೀಸ ಇಲ್ಲದ ಕಡ್ಡಿ ಸಿಗುತ್ತೆ ಕಣೆ. ಬೆಂಕಿ ಜಾಸ್ತಿ ಬೇಕು, ಕೈ ಹೊಸದಾಗಿ ಪಳಗಬೇಕು, ಅಷ್ಟೇ. ಆದ್ರೆ ಅಮ್ಮನಿಗೆ ಯಾರು ಹೇಳೋದು?" ಎಂದರು. ಬೆಂಕಿಯ ಮುಂದೆ ಕೂರುವ ಗಂಡಸಿಗೆ ಅಮ್ಮನ ಮುಂದೆ ಕೂರಲು ಭಯ!

ಸರ ಕಡಿದುಹೋಯಿತೆಂದು ಅತ್ತೆಗೆ ನೆಪ ಹೇಳಿ, ಮಕ್ಕಳನ್ನು ಸಾಣೆಯ ಹತ್ತಿರ ಬಿಡದೆ ಒಂದು ತಿಂಗಳು ತಳ್ಳಿದೆ. ಹೇಳುವ ದಿನ ತಾನಾಗಿಯೇ ಬಂತು. ಕೂಸಿನ ಕೆಳವಸಡಿನಲ್ಲಿ ಬಿಳಿ ಚುಕ್ಕೆ ಕಂಡದ್ದೇ ತಡ, ಅತ್ತೆ ಐದು ಹಳದಿ ಮಣಿ ಪೋಣಿಸಿಕೊಂಡು ತೊಟ್ಟಿಲ ಹತ್ತಿರ ಬಂದರು. ಕೂಸು ಎರಡೂ ಕೈ ಚಾಚಿ ನಕ್ಕಿತು. ನಾನು ನಡುವೆ ಹೋಗಿ ನಿಂತೆ.

"ಬೇಡ ಅತ್ತೆ. ಇವಳಿಗೆ ಕಟ್ಟಲ್ಲ."

"ಏನಂದೆ?"

"ಆ ಮಣೀಲಿ ವಿಷ ಇದೆ. ರಕ್ತ ಪರೀಕ್ಷೇಲಿ ಬಂದಿದೆ. ರೇಡಿಯೊ ಮಾತು ಹೋಗಿದ್ದು ಹುಳದಿಂದಲ್ಲ, ಇದರಿಂದ."

"ಹಲ್ಲು ಮೂಡಿದಾಗಿಂದ, ಅರವತ್ತು ವರ್ಷ, ಈ ಬಾಯಲ್ಲಿ ಮಣಿ ಇದೆ. ನಾನೇನು ಸತ್ತಿದ್ದೀನಾ?"

"ನಿಮ್ಮ ಕೈ ನಡುಗುತ್ತೆ. ಹೊಟ್ಟೆ ಹಿಡ್ಕೊಂಡು ಎಷ್ಟು ಸಲ ಕೂತಿದ್ದೀರಿ, ನಾನು ನೋಡಿಲ್ವಾ?"

"ವಯಸ್ಸಾದ್ರೆ ನಡುಗದೆ ಕುಣಿಯುತ್ತಾ? ನಾಲಿಗೆ ಪಳಗದಿದ್ರೆ ನಾಳೆ ಮಣಿ ನೋಡೋರು ಯಾರು? ನೀನು ಕಣ್ಣಲ್ಲಿ ನೋಡ್ತೀಯಾ? ಎಲ್ಲ ಗೊತ್ತಿರೋಳು!"

ನನಗೂ ರೇಗಿತು. ಒಂದು ತಿಂಗಳಿಂದ ಗುಟ್ಟಾಗಿ ಅಭ್ಯಾಸ ಮಾಡಿಕೊಂಡಿದ್ದನ್ನು ಹೊರಗೆ ತೆಗೆದೆ. ಹುರಿ ಹಾಕದ ಸಡಿಲ ಹತ್ತಿ ನೂಲು ಅದು. ಮಣಿಯ ತೂತಿನಲ್ಲಿ ಎಳೆದರೆ, ಅಂಚು ಎಲ್ಲಿ ಚೂಪಿದೆಯೋ ಅಲ್ಲಿ ಎಳೆ ಸಿಕ್ಕಿಕೊಂಡು ಬಿಚ್ಚುತ್ತದೆ.

"ಐವತ್ತು ಮಣಿ ತೊಳೆದಿಟ್ಟಿದ್ದೀನಿ, ಎಲ್ಲ ಹೊಸ ಕಡ್ಡೀದು, ಸೀಸ ಇಲ್ಲ. ಒಂದೊಂದರ ಮೇಲೂ ನಂಬರ್ ಗೀರಿದ್ದೀನಿ. ನೀವು ನಾಲಿಗೇಲಿ ನೋಡಿ, ಆಮೇಲೆ ನಾನು ನೂಲಲ್ಲಿ ನೋಡ್ತೀನಿ."

ಪಂಥ ಎಂದರೆ ಅತ್ತೆ ಬಿಡುವವರಲ್ಲ. ಕುರ್ಚಿಯಲ್ಲಿ ಕೂತು ಐವತ್ತನ್ನೂ ಬಾಯಲ್ಲಿ ಆಡಿಸಿ ಒಂಬತ್ತನ್ನು ಚೂಪೆಂದು ತೆಗೆದರು. ನನ್ನ ಗಂಡ ನಂಬರ್ ಬರೆದುಕೊಂಡರು. ಮಣಿಗಳನ್ನು ಬಟ್ಟೆಯಲ್ಲಿ ಒರೆಸಿ, ಬೆರೆಸಿ, ನಾನು ನೂಲೆಳೆದೆ. ಹನ್ನೊಂದು. ಅವರ ಒಂಬತ್ತೂ ಅದರಲ್ಲಿದ್ದವು, ಮೇಲೆ ಎರಡು. ಅತ್ತೆ ಆ ಎರಡನ್ನೂ ಉಗುರಿನಿಂದ ಕೆರೆದು ನೋಡಿ, "ಹೌದು, ಚೂಪಿದೆ" ಎಂದರು. ಸುಳ್ಳು ಹೇಳುವ ಹೆಂಗಸಲ್ಲ ಅವರು.

"ಹಾಗಾದ್ರೆ ನಾಲಿಗೆ ಬೇಡ ತಾನೇ ಅತ್ತೆ? ಸಾಣೆ ಕೆಳಗೆ ನೀರಿನ ತಟ್ಟೆ ಇಡೋಣ, ಪುಡಿ ಏಳಲ್ಲ. ನೆಲ ಗುಡಿಸೋದು ಬಿಟ್ಟು ಒದ್ದೆ ಬಟ್ಟೇಲಿ ಒರೆಸೋಣ. ಕೆಲಸದ ಬಟ್ಟೆ ಬೇರೆ ಇರಲಿ. ಇಷ್ಟೇ ನಾನು ಕೇಳೋದು."

"ನೀರಿಡು, ನೂಲಿಡು, ಏನು ಬೇಕಾದ್ರೂ ಮಾಡು" ಎಂದರು ಅತ್ತೆ. "ಆದ್ರೆ ಮಣೀಲಿ ವಿಷ ಇದೆ ಅಂತ ಮಾತ್ರ ಹೇಳಬೇಡ. ಈ ಕೂಸಿಗೆ ಕಟ್ಟೇ ಕಟ್ತೀನಿ."

"ಸೋತ ಮೇಲೂ ಏನತ್ತೆ ಈ ಹಟ?"

ಅವರು ಸರವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದರು. ನನ್ನ ಕಡೆ ನೋಡದೆ ಮಗನ ಕಡೆ ನೋಡಿದರು.

"ನಿನಗಿಂತ ಮೊದಲು ನನಗೆ ಎರಡು ಹೆಣ್ಣು ಆಗಿದ್ವು ಕಣೋ. ನಿನಗೆ ಹೇಳಿರಲಿಲ್ಲ. ದೊಡ್ಡದು ಚುರುಕಾಗಿತ್ತು, ಎರಡನೇ ವರ್ಷದಲ್ಲಿ ಮಂಕಾಯ್ತು. ಆಮೇಲೆ ಫಿಟ್ಸ್ ಬಂತು, ಹೋಯ್ತು. ಚಿಕ್ಕದೂ ಹಾಗೇ. ಫಿಟ್ಸ್ ಅಂದ್ರು, ನಾನೂ ಫಿಟ್ಸ್ ಅಂದ್ಕೊಂಡೆ. ನೀನು ಗಂಡು, ನಿನಗೆ ಮಣಿ ಕಟ್ಟಲಿಲ್ಲ. ನೀನು ಉಳ್ಕೊಂಡೆ."

ನನ್ನ ಗಂಡ ಅಮ್ಮನ ಕುರ್ಚಿಯ ಹತ್ತಿರ ಬಂದರು. ಅತ್ತೆ ಮಾತು ಮುಂದುವರಿಸಿದರು.

"ಇವಳು ಹೇಳೋದು ನಿಜ ಆದ್ರೆ, ಆ ಎರಡು ಕೊರಳಿಗೂ ಕಟ್ಟಿದ್ದು ಯಾರು? ನಾನೇ ಅಲ್ವಾ? ಈ ಕೂಸಿಗೆ ಕಟ್ಟಿ, ಇದಕ್ಕೆ ಏನೂ ಆಗಲಿಲ್ಲ ಅಂದ್ರೆ, ನನ್ನ ತಪ್ಪಲ್ಲ ಅಂತ ಗೊತ್ತಾಗುತ್ತೆ. ಅದೊಂದೇ ನನಗೆ ಬೇಕಾಗಿರೋದು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರ ಕಾಲ ಬಳಿ ಕೂತೆ. ಆದರೆ ತೊಟ್ಟಿಲಿಗೆ ಬೆನ್ನು ಕೊಟ್ಟೇ ಕೂತೆ, ಜಾಗ ಬಿಡಲಿಲ್ಲ.

"ನಿಮಗೆ ಯಾರೂ ಹೇಳಿರಲಿಲ್ಲ ಅತ್ತೆ. ನಾನೂ ಗೊತ್ತಿಲ್ಲದೆ ರೇಡಿಯೊಗೆ ಕಟ್ಟಿದೆ. ಈಗ ಗೊತ್ತಾಗಿದೆ. ಗೊತ್ತಿದ್ದೂ ಕಟ್ಟೋಕೆ ಬಿಡಲ್ಲ."

"ಆ ಡಾಕ್ಟರಮ್ಮ ಸತ್ತ ಮಕ್ಕಳದ್ದೂ ನೋಡಿ ಹೇಳ್ತಾರೇನೆ?"

"ಇಲ್ಲ ಅತ್ತೆ. ಬದುಕಿರೋರದ್ದು ಮಾತ್ರ."

ಅತ್ತೆ ಕೂಸಿನ ಕಡೆ ತಿರುಗಿದರು. ಕೂಸು ಸರ ಕಂಡು ಮತ್ತೆ ಕೈ ಚಾಚಿತು. ಕೊನೆಗೆ ಅವರು ಮುಷ್ಟಿ ಬಿಚ್ಚಿ ಸರವನ್ನು ನನ್ನ ಕೈಗೆ ಹಾಕಿದರು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದರು, ಮತ್ತೆ ಮತ್ತೆ ಮುಕ್ಕಳಿಸಿದರು. ಹೊರಗೆ ಬಂದು ಸೋಪು ಹಚ್ಚಿ ತೊಳೆದ ಬೆರಳನ್ನು ಕೂಸಿನ ಬಾಯಿಗೆ ಕೊಟ್ಟು, "ಕಚ್ಚು, ಎಷ್ಟು ಬೇಕಾದ್ರೂ ಕಚ್ಚು" ಎಂದು ಅಳತೊಡಗಿದರು.