ಒಂದೇ ದಾರಿಗೆ ಎರಡು ನಂಬರು

ಡ್ರೋನ್ ಹಾರಿಸುವ ಅನುಮತಿ ಪರೀಕ್ಷೆಯಲ್ಲಿ ಮೊದಲ ಸಲ ನಾನು ಫೇಲಾಗಿದ್ದು ಒಂದು ಪ್ರಶ್ನೆಯಿಂದ. ಅದೂ ಅವರು ಕೇಳಿದ್ದಲ್ಲ, ನಾನೇ ಕೇಳಿದ್ದು.

"ನಕ್ಷೇಲಿ ರನ್‌ವೇ ಸೊನ್ನೆ ಒಂಬತ್ತು ಸಿಕ್ತು ಮೇಡಂ. ಎರಡು ಏಳು ಎಲ್ಲಿದೆ? ಆಗಲಿಂದ ಹುಡುಕ್ತಾನೇ ಇದ್ದೀನಿ."

ವಿಮಾನ ನಿಲ್ದಾಣದ ಅಧಿಕಾರಿ ಮೇಡಂ ಪೆನ್ನಿಗೆ ಮುಚ್ಚಳ ಹಾಕಿ, "ಮುಂದಿನ ತಿಂಗಳು ಬನ್ನಿ" ಎಂದರು.

ಅಲ್ಲಿರುವುದು ಒಂದೇ ದಾರಿ. ಪೂರ್ವಕ್ಕೆ ಮುಖ ಮಾಡಿ ಓಡಿದರೆ ದಿಕ್ಸೂಚಿಯಲ್ಲಿ ತೊಂಬತ್ತು ಡಿಗ್ರಿ, ಕೊನೆಯ ಸೊನ್ನೆ ಬಿಟ್ಟರೆ ಸೊನ್ನೆ ಒಂಬತ್ತು. ಅದೇ ದಾರಿಯಲ್ಲಿ ಪಶ್ಚಿಮಕ್ಕೆ ಓಡಿದರೆ ಇನ್ನೂರ ಎಪ್ಪತ್ತು, ಅಂದರೆ ಎರಡು ಏಳು. ಇದು ತಲೆಗೆ ಹೊಳೆದ ದಿನ ನನಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು. ಅಲ್ಲಿಂದ ಹುಚ್ಚು ಹಿಡಿಯಿತು ನೋಡಿ. ರನ್‌ವೇ ಅಂಚಿಗೆ ಬಿಳಿ ದೀಪ, ಪಕ್ಕದ ದಾರಿಗೆ ನೀಲಿ ದೀಪ, ಯಾಕೆ? ವಿಮಾನ ಗಾಳಿಗೆ ಎದುರಾಗಿಯೇ ಇಳಿಯಬೇಕು, ಯಾಕೆ? ಊಟದ ತಟ್ಟೆ ಮುಂದೆಯೂ ಇದೇ ಮಾತು. ಅಪ್ಪ ಮಾತ್ರ, "ನಿನ್ನ ಗಾಳಿ ಪುರಾಣ ಸಾಕು, ಅನ್ನ ಆರಿಹೋಗ್ತಿದೆ" ಎನ್ನುತ್ತಿದ್ದರು.

ಅಪ್ಪ ನಲವತ್ತು ವರ್ಷ ಏಣಿ ಹತ್ತಿ ಗೋದಾಮುಗಳ ಛಾವಣಿ ನೋಡಿದವರು. ಎರಡು ವರ್ಷದ ಹಿಂದೆ ಶೀಟು ಮುರಿದು ಬಿದ್ದು ಸೊಂಟಕ್ಕೆ ರಾಡ್ ಹಾಕಿಸಿಕೊಂಡರು. ಅವರು ಮತ್ತೆ ಮೇಲೆ ಹತ್ತಬಾರದೆಂದೇ ನಾನು ಕ್ಯಾಮೆರಾ ಇರುವ ಡ್ರೋನ್ ಕೊಂಡೆ. ಆದರೆ ಈ ಸಲದ ಗೋದಾಮು ರನ್‌ವೇಯ ಪೂರ್ವ ತುದಿಯ ಬೇಲಿಗೆ ಅಂಟಿಕೊಂಡಿತ್ತು. ಪರೀಕ್ಷೆ ಪಾಸಾಗದೆ ಅಲ್ಲಿ ಗಾಳಿಪಟವನ್ನೂ ಹಾರಿಸುವಂತಿಲ್ಲ. ಎರಡನೇ ಸಲ ರನ್‌ವೇ ಪಕ್ಕದ ಕಂಬಕ್ಕೆ ಕಟ್ಟಿದ ಗಾಳಿಚೀಲವನ್ನು ಉಲ್ಟಾ ಓದಿ ಮತ್ತೆ ಡುಮ್ಕಿ ಹೊಡೆದೆ. ಚೀಲದ ಬಾಲ ತೋರಿಸುವುದು ಗಾಳಿ ಹೋಗುವ ದಿಕ್ಕನ್ನು, ಬರುವ ದಿಕ್ಕನ್ನಲ್ಲ.

ಮೂರನೇ ಸಲಕ್ಕೆ ಅಪ್ಪ ಏಣಿ ಸಮೇತ ಬಂದರು. "ನೀನು ಹಾರಿಸದಿದ್ರೆ ನಾನು ಹತ್ತೋದೇ. ಕೆಲಸ ಒಪ್ಕೊಂಡಾಗಿದೆ."

ಮೇಡಂ ಗೋದಾಮಿನ ಅಂಗಳದಲ್ಲೇ ಪ್ರಶ್ನೆ ಕೇಳಿದರು. ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟೆ. ಅವರು ಕೊಟ್ಟ, ಇನ್ನೂ ಸಹಿ ಹಾಕದ ಚೀಟಿಯಲ್ಲಿ ಒಂದೇ ಷರತ್ತಿತ್ತು: ಸೊನ್ನೆ ಒಂಬತ್ತು ನಡೆಯುತ್ತಿರುವಾಗ ಮಾತ್ರ ಹಾರಿಸಬಹುದು. ಆಗ ವಿಮಾನಗಳು ಪಶ್ಚಿಮದ ಆಚೆ ತುದಿಯಿಂದ ಇಳಿಯುತ್ತವೆ, ಗೋದಾಮಿನ ಮೇಲೆ ತಗ್ಗಾಗಿ ಬರುವುದಿಲ್ಲ. ಬೆಳಿಗ್ಗೆಯೇ ನಿಲ್ದಾಣಕ್ಕೆ ಫೋನ್ ಮಾಡಿ ಯಾವುದು ನಡೆಯುತ್ತಿದೆ ಎಂದು ಕೇಳಿದ್ದೆ, ಸೊನ್ನೆ ಒಂಬತ್ತೇ ಅಂದಿದ್ದರು.

"ಹಾರಿಸಿ" ಎಂದರು ಮೇಡಂ.

ಡ್ರೋನಿನ ರೆಕ್ಕೆಗಳು ತಿರುಗತೊಡಗಿದವು. ಅಭ್ಯಾಸಬಲದಿಂದ ಬೇಲಿಯಾಚೆ ನೋಡಿದೆ. ಬೆಳಿಗ್ಗೆ ಬಂದಾಗ ಆಚೆ ತುದಿಯತ್ತ ಚಾಚಿದ್ದ ಗಾಳಿಚೀಲದ ಬಾಲ ಈಗ ನಮ್ಮ ಕಡೆ ಚಾಚಿತ್ತು. ಗಾಳಿ ಪಶ್ಚಿಮದಿಂದ ಬರುತ್ತಿದೆ. ಹಾಗಾದರೆ ವಿಮಾನ ಬರುವುದು ನಮ್ಮ ಬೆನ್ನ ಹಿಂದಿನಿಂದ.

ಡ್ರೋನ್ ನಿಲ್ಲಿಸಿದೆ. "ಹಾರಿಸಲ್ಲ ಮೇಡಂ. ಈಗ ಎರಡು ಏಳು ನಡೀತಿದೆ."

"ಬೆಳಿಗ್ಗೆ ಕೇಳಿದ್ರಲ್ಲ?"

"ಅದು ಬೆಳಗಿನ ಗಾಳಿ ಮೇಡಂ. ಈಗ ತಿರುಗಿದೆ."

ಎರಡು ನಿಮಿಷವೂ ಆಗಿರಲಿಲ್ಲ, ಗೋದಾಮಿನ ಹಿಂದಿನಿಂದ ಎದ್ದ ಸದ್ದಿಗೆ ಶೀಟುಗಳು ಗಡಗಡ ನಡುಗಿದವು. ಚಕ್ರ ಇಳಿಸಿಕೊಂಡ ವಿಮಾನ ನಮ್ಮ ತಲೆ ಮೇಲೆಯೇ ದಾಟಿ ರನ್‌ವೇಗೆ ಇಳಿಯಿತು. ಮೇಡಂ ಚೀಟಿಗೆ ಸಹಿ ಹಾಕಿದರು. "ಪಾಸು. ಗಾಳಿ ತಿರುಗಿದ ಮೇಲೆ ಹಾರಿಸಿ. ಸಂಜೆಯೂ ಆಗಬಹುದು."

"ಸಂಜೇನಾ?" ಅಪ್ಪ ಏಣಿಯನ್ನು ಗೋಡೆಗೆ ಒರಗಿಸಿಯೇಬಿಟ್ಟರು. "ಅಷ್ಟರಲ್ಲಿ ನಾನು ಹತ್ತಿ ನೋಡ್ಕೊಂಡು ಬರ್ತೀನಿ."

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಅಪ್ಪಾ, ನಂಗೆ ಭಯ ಆಗುತ್ತೆ. ಅವತ್ತು ಶೀಟು ಮುರಿದ ಸದ್ದು ಇನ್ನೂ ಕಿವೀಲಿದೆ. ಪಾಸಾಗಿದ್ರೂ ನಾನು ಹಾರಿಸದೆ ನಿಂತಿಲ್ವಾ? ನೀವೂ ನಿಲ್ಲಿ."

ಅಪ್ಪ ಮೊದಲ ಮೆಟ್ಟಿಲ ಮೇಲಿಟ್ಟ ಕಾಲನ್ನು ತೆಗೆಯಲಿಲ್ಲ. ಬೇಲಿಯಾಚೆ ವಿಮಾನ ಓಡಿ ನಿಲ್ಲುವವರೆಗೂ ಅದನ್ನೇ ನೋಡಿದರು.

"ಅಲ್ಲ ಕಣೇ, ಎರಡು ಏಳು ಅಂದ್ಯಲ್ಲ, ಅದೆಲ್ಲಿದೆ? ನಂಗೆ ಕಾಣ್ತಿರೋದು ಒಂದೇ."

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಬನ್ನಿ, ಕೂತ್ಕೊಳ್ಳಿ, ಹೇಳ್ತೀನಿ" ಎಂದೆ. ಅಪ್ಪ ಕಾಲು ಕೆಳಗಿಟ್ಟರು. ಏಣಿಯನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿ ಅದರ ಮೇಲೆಯೇ ಕುಳಿತರು. ನಾನು ದೀಪಗಳಿಂದ ಶುರು ಮಾಡಿದೆ, ಗಾಳಿ ತಿರುಗುವವರೆಗೂ ಮುಗಿಯದ ಹಾಗೆ.